ಅಜ್ಜನ ಪಟದ ನಾಲ್ಕು ಮೂಲೆ

ಹೊಳೆಯ ಆಚೆ ದಡದಲ್ಲಿ ಒಂದು ಆಶ್ರಮ. ಈಚೆ ದಡದಲ್ಲಿ ಕಾಳಮ್ಮನವರ ಮನೆ. ಮನೆಯ ಹಿಂದಿನ ಪಡಸಾಲೆಯಲ್ಲಿ ಗರಗಸ, ಉಳಿ, ಕೀಸುಳಿ, ಗೋಡೆಗೆ ಒರಗಿಸಿದ ತೇಗದ ಪಟ್ಟಿಗಳು. ಪಟಗಳಿಗೆ ಕಟ್ಟು ಹಾಕುವ ಕೆಲಸ ಅಲ್ಲಿ ನಡೆಯುತ್ತಿತ್ತು.

ಬಾಗಿಲ ಮೇಲಿನ ಬೋರ್ಡಿನಲ್ಲಿ ನಂಜುಂಡಾಚಾರ್ ಎಂದು ಬರೆದಿತ್ತು. ಆಚಾರರು ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಅವರ ಹೆಂಡತಿ ಕಾಳಮ್ಮ ಬೋರ್ಡನ್ನೂ ಇಳಿಸಿರಲಿಲ್ಲ, ಕೆಲಸವನ್ನೂ ನಿಲ್ಲಿಸಿರಲಿಲ್ಲ.

ಒಂದು ಬೆಳಿಗ್ಗೆ ಶ್ರೀಕಂಠಯ್ಯ ಮೇಷ್ಟ್ರು ಆ ಪಡಸಾಲೆಗೆ ಬಂದರು. ಮೂವತ್ತೈದು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತರಾದವರು. ಊರಿನ ಅರ್ಧ ಜನ ಅವರ ಕೈಯಲ್ಲಿ ಕಿವಿ ಹಿಂಡಿಸಿಕೊಂಡವರು, ಉಳಿದರ್ಧ ಜನ ಹಿಂಡಿಸಿಕೊಂಡವರ ಮಕ್ಕಳು.

"ಯಾವ ಪಟಕ್ಕೆ ಕಟ್ಟು ಹಾಕಬೇಕು ಮೇಷ್ಟ್ರೇ?" ಎಂದರು ಕಾಳಮ್ಮ.

"ಪಟ ತಂದಿಲ್ಲ. ಕೆಲಸ ಕಲಿಯೋಕೆ ಬಂದೆ."

"ಈ ವಯಸ್ಸಲ್ಲಿ?"

"ಬೋರ್ಡಿನ ಮೇಲೆ ಲಕ್ಷ ಚೌಕ ಬರೆದಿದ್ದೀನಿ. ಬೆಲ್ ಹೊಡೆದ ಕೂಡಲೇ ಒರೆಸಿಬಿಟ್ಟಿದ್ದೀನಿ. ಒರೆಸಿದರೂ ಹೋಗದ ಚೌಕ ಒಂದಾದರೂ ಮಾಡಬೇಕು ಅನ್ನಿಸಿದೆ."

ಕಾಳಮ್ಮ ಅವರ ಕೈ ನೋಡಿದರು. ಬೆರಳ ತುದಿಗಳು ಹತ್ತಿಯ ಹಾಗೆ ಮೆತ್ತಗಿದ್ದವು.

"ಬನ್ನಿ" ಎಂದರು.

ಮೇಷ್ಟ್ರು ಬಗ್ಗಿ ಕಾಲು ಮುಟ್ಟಲು ಹೋದರು. ಕಾಳಮ್ಮ ಎರಡು ಹೆಜ್ಜೆ ಹಿಂದೆ ಸರಿದರು.

"ಇವತ್ತಿಂದ ನೀವು ನನ್ನ ಗುರು" ಎಂದರು ಮೇಷ್ಟ್ರು, ಬಗ್ಗಿದಲ್ಲಿಂದಲೇ.

"ಅದನ್ನ ಹೇಳೋರು ನೀವಲ್ಲ. ನಮ್ಮ ಮನೆತನದಲ್ಲಿ ಒಂದು ಪದ್ಧತಿ ಇದೆ. ನಾನು ಇಂಥವರ ಶಿಷ್ಯ ಅಂತ ಶಿಷ್ಯ ಹೇಳ್ಕೊಳ್ಳೋ ಹಾಗಿಲ್ಲ. ಇವನು ನನ್ನ ಶಿಷ್ಯ ಅಂತ ಗುರು ಹೇಳಬೇಕು. ಅದೂ ನಾಲ್ಕು ಜನರ ಮುಂದೆ ಹೇಳಬೇಕು. ಅಲ್ಲೀತನಕ ನೀವು ಮೇಷ್ಟ್ರು, ನಾನು ಕಾಳಮ್ಮ."

"ಯಾವಾಗ ಹೇಳ್ತೀರಿ?"

"ಮೂಲೆ ಕೂಡಿದಾಗ."

ಮೇಷ್ಟ್ರಿಗೆ ಒಳಗೊಳಗೇ ನಗು ಬಂತು. ಮೂಲೆಗೆ ತೊಂಬತ್ತು ಡಿಗ್ರಿ. ಎರಡು ಪಟ್ಟಿಯ ತುದಿಯನ್ನು ನಲವತ್ತೈದು ಡಿಗ್ರಿಗೆ ಓರೆ ಕೊಯ್ದು ಸೇರಿಸಿದರೆ ಮೂಲೆಯಾಯಿತು. ಎಂಟನೇ ಕ್ಲಾಸಿನ ಮಕ್ಕಳೂ ಹೇಳಬಲ್ಲ ಲೆಕ್ಕ. ಹೆಚ್ಚೆಂದರೆ ಒಂದು ವಾರ ಎಂದುಕೊಂಡರು.

ವಾರ ಹೋಗಿ ತಿಂಗಳಾಯಿತು, ತಿಂಗಳು ಹೋಗಿ ದಸರೆ ಬಂತು. ಮೇಷ್ಟ್ರ ಬೆರಳುಗಳಿಗೆ ಬಟ್ಟೆಪಟ್ಟಿ ಬಂತು, ಮೂಲೆ ಮಾತ್ರ ಬರಲಿಲ್ಲ.

ಕೊನೆಗೊಂದು ದಿನ ನಾಲ್ಕು ಪಟ್ಟಿಗಳನ್ನು ಓರೆ ಕೊಯ್ದು ನೆಲದ ಮೇಲೆ ಜೋಡಿಸಿದರು. ಒಂದು ಮೂಲೆ ಕೂಡಿತು. ಎರಡನೆಯದು ಕೂಡಿತು. ಮೂರನೆಯದೂ ಕೂಡಿತು. ನಾಲ್ಕನೆಯದು ಬಾಯಿ ಬಿಟ್ಟುಕೊಂಡು ಕೂತಿತು.

ಮೇಷ್ಟ್ರು ಜೇಬಿನಿಂದ ಕೋನಮಾಪಕ ತೆಗೆದು ಎಂಟು ತುದಿಗಳನ್ನೂ ಅಳೆದರು. ಎಂಟೂ ನಲವತ್ತೈದು.

"ಲೆಕ್ಕ ಸರಿಯಾಗಿದೆ" ಎಂದರು.

"ಮತ್ತೆ ಅದ್ಯಾಕೆ ಆಕಳಿಸ್ತಾ ಇದೆ?" ಎಂದರು ಕಾಳಮ್ಮ.

ಮೇಷ್ಟ್ರು ಕೋನಮಾಪಕವನ್ನು ಮತ್ತೊಮ್ಮೆ ಇಟ್ಟು ನೋಡಿದರು. ಕಾಳಮ್ಮ ಒಲೆಯ ಮೇಲಿಟ್ಟ ಅನ್ನ ನೋಡಲು ಒಳಗೆ ಹೋದರು. ಅಷ್ಟರಲ್ಲಿ ಮೇಷ್ಟ್ರು ಗರಗಸದ ಪುಡಿಯನ್ನು ಅಂಟಿನಲ್ಲಿ ಕಲಸಿ ಆ ಸಂದಿಗೆ ತುಂಬಿದರು. ಉಜ್ಜಿದರು, ಪಾಲಿಶ್ ಒರೆಸಿದರು. ಪರೀಕ್ಷೆಯಲ್ಲಿ ಕಾಪಿ ಹೊಡೆದ ಎಷ್ಟೋ ಹುಡುಗರನ್ನು ಹಿಡಿದಿದ್ದ ಮೇಷ್ಟ್ರು, ಆವತ್ತು ಅದೇ ಹುಡುಗರ ಮುಖ ಹೊತ್ತು ಕೈ ಕಟ್ಟಿ ನಿಂತರು.

ಕಾಳಮ್ಮ ಬಂದು ನಾಲ್ಕೂ ಮೂಲೆಗಳ ಮೇಲೆ ಹೆಬ್ಬೆರಳಿನ ಉಗುರು ಆಡಿಸಿದರು. ಕೈ ಒರೆಸಿಕೊಂಡು ಒಳಗೆ ಹೋದರು.

ಮರುದಿನ ಮೇಷ್ಟ್ರು ಬಂದಾಗ ಕಟ್ಟು ಇಟ್ಟ ಜಾಗದಲ್ಲಿ ಇರಲಿಲ್ಲ.

"ಕಟ್ಟು ಎಲ್ಲಿ ಕಾಳಮ್ಮನವರೇ?"

"ನೀರೊಲೆಗೆ ಹಾಕಿದೆ. ಒಳ್ಳೆ ತೇಗ, ಚೆನ್ನಾಗಿ ಉರೀತು. ನಾಲ್ಕನೇ ಮೂಲೆ ಮಾತ್ರ ಚಟಪಟ ಅಂತಿತ್ತು."

ಮೇಷ್ಟ್ರು ತಲೆ ತಗ್ಗಿಸಿದರು. ಕಾಳಮ್ಮ ಬಯ್ಯಲಿಲ್ಲ. ಬೈದಿದ್ದರೆ ವಾಸಿಯಿತ್ತು ಅನ್ನಿಸಿತು ಅವರಿಗೆ.

ಆಮೇಲೆ ಅವರು ಹೊಸದಾಗಿ ನಾಲ್ಕು ಪಟ್ಟಿ ಕೊಯ್ದರು. ಮತ್ತೆ ನಾಲ್ಕನೇ ಮೂಲೆ ಬಾಯಿ ಬಿಟ್ಟಿತು. ಈ ಸಲ ಕಾಳಮ್ಮ ಎದುರುಬದುರಿನ ಎರಡು ಪಟ್ಟಿಗಳನ್ನು ಎತ್ತಿ, ಪಕ್ಕಪಕ್ಕದಲ್ಲಿ ನೆಲದ ಮೇಲೆ ನೆಟ್ಟಗೆ ನಿಲ್ಲಿಸಿದರು. ಒಂದು ಇನ್ನೊಂದಕ್ಕಿಂತ ರಾಗಿಕಾಳಿನಷ್ಟು ಎತ್ತರವಿತ್ತು.

"ಓರೆ ಸರಿಯಾಗಿದೆ. ಜೋಡಿ ಸರಿಯಾಗಿಲ್ಲ" ಎಂದರು. "ತುದಿ ನೋಡೋ ಗಲಾಟೇಲಿ ಉದ್ದ ಮರೆತಿರಿ."

ಆ ರಾಗಿಕಾಳನ್ನು ಮಣಿಸಲು ಮೇಷ್ಟ್ರಿಗೆ ಇನ್ನೂ ಒಂದು ವರ್ಷ ಬೇಕಾಯಿತು. ಕೈ ಒರಟಾಯಿತು, ಕಿವಿ ಚುರುಕಾಯಿತು. ಗರಗಸ ಗೀಟು ಬಿಟ್ಟು ಸರಿದರೆ ಕಣ್ಣಿಗಿಂತ ಮೊದಲು ಕಿವಿಗೇ ತಿಳಿಯುತ್ತಿತ್ತು.

ಎರಡನೇ ಯುಗಾದಿ ಕಳೆದ ಮೇಲೆ ಒಂದು ದಿನ ನಾಲ್ಕೂ ಮೂಲೆ ಕೂಡಿದವು. ಕಾಳಮ್ಮನವರ ಉಗುರು ನಾಲ್ಕೂ ಸಂದುಗಳನ್ನು ದಾಟಿತು, ಎಲ್ಲೂ ತಡೆಯಲಿಲ್ಲ.

"ಹೂಂ" ಎಂದರು ಅವರು.

ಆ ಒಂದು ಹೂಂ ಸಾಕಾಯಿತು. ಮೇಷ್ಟ್ರು ಹಿಗ್ಗಿ ಹೀರೆಕಾಯಿಯಾದರು. ಸೀದಾ ಹೋಟೆಲಿಗೆ ಹೋಗಿ, ಕಾಫಿ ತರಿಸಿಕೊಂಡು, ಪಕ್ಕದ ಬೆಂಚಿನವರು ಕೇಳದಿದ್ದರೂ ಹೇಳಿದರು.

"ನಾನು ಯಾರ ಶಿಷ್ಯ ಗೊತ್ತೇನ್ರಯ್ಯಾ? ಕಾಳಮ್ಮನವರ ಶಿಷ್ಯ."

ಊರ ಬಾಯಿಗೆ ಬೀಗವಿಲ್ಲ. ಕಾಫಿ ಲೋಟ ತೊಳೆಯುವ ಹೊತ್ತಿಗೆ ಮಾತು ಕಾಳಮ್ಮನವರ ಮನೆ ಮುಟ್ಟಿತ್ತು. ಊರವರು ಮಾತ್ರ ಮೇಷ್ಟ್ರ ತಮಾಷೆ ಎಂದು ನಕ್ಕು ಮರೆತರು.

ಮರುದಿನ ಕಾಳಮ್ಮ ಮೇಷ್ಟ್ರ ಕೈಯಿಂದ ಗರಗಸ ಈಸಿಕೊಂಡು ಸಾಣೆಕಲ್ಲು ಕೊಟ್ಟರು.

"ಉಳಿ ಮಸೀರಿ."

ಎಂಟು ದಿನ ಮೇಷ್ಟ್ರು ಉಳಿ ಮಸೆದರು. ಮನೆಯಲ್ಲಿದ್ದ ಉಳಿಗಳೆಲ್ಲ ಮುಗಿದ ಮೇಲೆ ಈಳಿಗೆಮಣೆಯನ್ನೂ ಮಸೆದರು. ಒಂಬತ್ತನೇ ದಿನ ತಡೆಯಲಾರದೆ ಕೇಳಿದರು.

"ಅದು ಅಷ್ಟು ದೊಡ್ಡ ತಪ್ಪಾ?"

ಕಾಳಮ್ಮ ಕೆಲಸ ನಿಲ್ಲಿಸಲಿಲ್ಲ.

"ನಾನು ನಲವತ್ತು ವರ್ಷ ಕಾದಿದ್ದೀನಿ ಮೇಷ್ಟ್ರೇ."

"ಏನಕ್ಕೆ?"

"ನಮ್ಮ ಯಜಮಾನರು ನನಗೆ ಈ ಕೆಲಸ ಕಲಿಸಿದರು. ಒಂದು ದಿನ ನಾಲ್ಕು ಜನರ ಮುಂದೆ ಹೇಳ್ತಾರೆ ಅಂತ ಕಾದೆ. ಹೇಳಲಿಲ್ಲ. ಹೆಂಡತೀನ ಶಿಷ್ಯೆ ಅನ್ನೋಕೆ ನಾಚಿಕೆಯೋ, ಮರೆತರೋ. ಒಳ್ಳೆಯವರು. ಆದರೆ ಹೇಳದೇ ಹೋಗಿಬಿಟ್ಟರು."

ಕೀಸುಳಿಯಿಂದ ಸುರುಳಿ ಸುರುಳಿಯಾಗಿ ಹೆರೆ ಉದುರುತ್ತಿತ್ತು.

"ನಾನಾಗಿ ಒಂದು ದಿನವೂ ಹೇಳ್ಕೊಳ್ಳಲಿಲ್ಲ" ಎಂದರು ಕಾಳಮ್ಮ. "ನೀವು ಎರಡೇ ವರ್ಷಕ್ಕೆ ಹೋಟ್ಲಲ್ಲಿ ಹೇಳ್ಕೊಂಡು ಬಂದಿರಿ."

ಆ ಮಾತಿನ ತೂಕ ಮೇಷ್ಟ್ರಿಗೆ ಆಗ ತಿಳಿಯಿತು. ತಾವು ಕಾಫಿಯ ಜೊತೆ ನೆಂಚಿಕೊಂಡದ್ದು ಈ ಹೆಂಗಸು ನಲವತ್ತು ವರ್ಷ ಹಸಿದು ಕಾದ ಮಾತಾಗಿತ್ತು.

"ಇನ್ನು ನನ್ನ ಬಾಯಿಂದ ಬರೋದಿಲ್ಲ."

"ಬರಬಾರದು" ಎಂದು ಕಾಳಮ್ಮ ಗರಗಸ ವಾಪಸು ಕೊಟ್ಟರು.

ಆ ವರ್ಷ ಮಳೆಗಾಲ ಮುಗಿಯುವಾಗ ಆಚೆ ದಡದ ಆಶ್ರಮದಿಂದ ಮರಿಬಸಪ್ಪ ಬಂದ. ಆಶ್ರಮದ ಪಾರುಪತ್ಯ ಅವನದು. ಕಂಕುಳಲ್ಲಿ ಬಟ್ಟೆ ಸುತ್ತಿದ ಪಟವಿತ್ತು.

ಪಟ ಹೊಳೆಯಜ್ಜನದು. ಆಶ್ರಮ ಕಟ್ಟಿದವರು ಅವರೇ. ಯಾರೋ ಭಕ್ತರು ಹಲಗೆಯ ಮೇಲೆ ಬಣ್ಣದಲ್ಲಿ ಬರೆದದ್ದು. ಅಜ್ಜ ಬಂಡೆಯ ಮೇಲೆ ಕೂತಿದ್ದಾರೆ, ಕೆಳಗೆ ಬಲಮೂಲೆಯಲ್ಲಿ ಅವರ ನಾಯಿ ಕೂತಿದೆ. ಕೆಳಂಚು ಬಿಟ್ಟು ಉಳಿದ ಮೂರು ಅಂಚಿಗೆ ಹತ್ತಿಕೊಂಡೇ ತೆಳ್ಳನೆಯ ಕೆಂಪು ಗೆರೆ.

"ಕಟ್ಟಿಗೆ ಗೆದ್ದಲು ಹಿಡಿದಿದೆ ಕಾಳಮ್ಮ. ಇನ್ನು ಹನ್ನೊಂದು ದಿನಕ್ಕೆ ಅಜ್ಜನ ಆರಾಧನೆ. ಅಷ್ಟರಲ್ಲಿ ಹೊಸ ಕಟ್ಟು ಆಗಬೇಕು" ಎಂದ ಮರಿಬಸಪ್ಪ.

ಕಾಳಮ್ಮ ಹಳೆಯ ಕಟ್ಟು ಬಿಡಿಸಿ ಪಟವನ್ನು ಬೆಳಕಿಗೆ ಹಿಡಿದರು.

"ನಾಯಿ ಬಾಲ ಎಲ್ಲಿ?"

"ಹಿಂದೆ ಎಲ್ಲೋ ದೂರದಲ್ಲಿ ಎರಡು ಸಲ ಕಟ್ಟು ಹಾಕಿಸಿದ್ರಂತೆ. ಒಂದು ಸಲ ಬಾಲ ಹೋಯ್ತು, ಇನ್ನೊಂದು ಸಲ ಅಜ್ಜನ ಕಾಲಿನ ಹೆಬ್ಬೆಟ್ಟು ಹೋಯ್ತು. ಕಟ್ಟಿನಲ್ಲಿ ಕೂರದೇ ಇದ್ದಾಗ ಕೆಳಗಿನ ಅಂಚು ಕೊಯ್ದುಬಿಟ್ಟಿದ್ದಾರೆ."

ಮರಿಬಸಪ್ಪ ಹೋದ ಮೇಲೆ ಕಾಳಮ್ಮ ಪಟವನ್ನು ಮೇಷ್ಟ್ರ ಮುಂದಿಟ್ಟರು.

"ನೀವು ಮಾಡಿ."

"ನಾನಾ? ಅಜ್ಜನ ಪಟಕ್ಕಾ?"

"ಪಟ ಅಜ್ಜನದು. ಕಟ್ಟು ನಿಮ್ಮದು."

ಮೇಷ್ಟ್ರಿಗೆ ಆ ರಾತ್ರಿ ಊಟ ಸೇರಲಿಲ್ಲ. ನಾಲ್ಕೂರ ಜನ ಕೈ ಮುಗಿಯುವ ಪಟ. ಆರಾಧನೆಗೆ ಊರಿಗೆ ಊರೇ ಬರುತ್ತದೆ. ಕಾಳಮ್ಮ ಆ ಮಾತು ಹೇಳುವುದಾದರೆ ಅಲ್ಲೇ ಹೇಳಬೇಕು.

ಅವರು ಪಟದ ಮೇಲಂಚು ಅಳೆದರು, ಎಡ ಅಂಚು ಅಳೆದರು. ಆಯತ ಅಂದಮೇಲೆ ಎರಡು ಬದಿ ಗೊತ್ತಾದರೆ ಉಳಿದೆರಡು ಗೊತ್ತಾದಂತೆ. ಇದು ಅವರೇ ಸಾವಿರ ಸಲ ಹೇಳಿದ ಪಾಠ.

ಐದು ದಿನದಲ್ಲಿ ಕಟ್ಟು ಸಿದ್ಧವಾಯಿತು. ಕಬ್ಬಿಣದ ಮೂಲೆಮಟ್ಟ ಇಟ್ಟು ನೋಡಿದರೆ ಮರಕ್ಕೂ ಕಬ್ಬಿಣಕ್ಕೂ ನಡುವೆ ಬೆಳಕು ಹಾಯಲಿಲ್ಲ. ಇದಕ್ಕಿಂತ ಒಳ್ಳೆಯ ಚೌಕ ಭೂಮಿಯ ಮೇಲಿಲ್ಲ ಅನ್ನಿಸಿತು ಮೇಷ್ಟ್ರಿಗೆ. ಅನ್ನಿಸಿದ್ದರಲ್ಲಿ ತಪ್ಪೇನೂ ಇರಲಿಲ್ಲ, ಚೌಕ ಹಾಗೇ ಇತ್ತು.

ಅಂಟು ಒಣಗಿದ ಮೇಲೆ ಪಟವನ್ನು ತಂದು ಕಟ್ಟಿನೊಳಗೆ ಇಳಿಸಿದರು.

ಪಟ ಇಳಿಯಲಿಲ್ಲ. ಮೇಲಿನ ಎರಡು ಮೂಲೆ ಕೂತವು. ಕೆಳಗೆ ಬಲಮೂಲೆ ಒಂದು ಬೆರಳಿನಷ್ಟು ಹೊರಗೇ ಉಳಿಯಿತು.

ಒತ್ತಿದರು. ತಿರುಗಿಸಿದರು. ಕೊನೆಗೆ ಮೂಲೆಮಟ್ಟವನ್ನು ಪಟಕ್ಕೇ ಇಟ್ಟು ನೋಡಿದರು. ಹಲಗೆಯೇ ಸೊಟ್ಟ. ಮೇಲಂಚಿಗಿಂತ ಕೆಳಂಚು ಅಗಲ, ಎಡಕ್ಕಿಂತ ಬಲ ಉದ್ದ. ನಾಲ್ಕರಲ್ಲಿ ಒಂದು ಮೂಲೆಯೂ ತೊಂಬತ್ತು ಡಿಗ್ರಿ ಇರಲಿಲ್ಲ.

"ಕಾಳಮ್ಮನವರೇ, ಪಟ ಸೊಟ್ಟ ಇದೆ."

"ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ."

"ತಮಾಷೆ ಅಲ್ಲ. ನನ್ನ ಕಟ್ಟು ಸರಿಯಾಗಿದೆ. ಬೇಕಾದ್ರೆ ನೀವೇ ನೋಡಿ."

ಕಾಳಮ್ಮ ನೋಡಿದರು. ಉಗುರು ಆಡಿಸಿದರು. "ಕಟ್ಟು ಸರಿಯಾಗಿದೆ" ಎಂದರು.

"ಹಾಗಾದ್ರೆ ಪಟದ ಬಲಗಡೆ ಸ್ವಲ್ಪ ಕೊಯ್ಯಬೇಕಾಗುತ್ತೆ. ಮೇಲೆ ಏನೂ ಇಲ್ಲ, ಕೆಳಗೆ ಬರ್ತಾ ಒಂದು ಬೆರಳು."

ಕಾಳಮ್ಮ ಗೋಡೆಯ ಮೇಲಿನ ಸಣ್ಣ ಗರಗಸ ತೆಗೆದು ಕೊಟ್ಟರು.

"ಕೊಯ್ಯಿರಿ."

ಮೇಷ್ಟ್ರು ಪಟವನ್ನು ಮಣೆಯ ಮೇಲಿಟ್ಟರು. ಅಳತೆಪಟ್ಟಿ ಇಟ್ಟು ಸೀಸದ ಗೆರೆ ಎಳೆದರು. ಗೆರೆ ಮೇಲಿನಿಂದ ನೆಟ್ಟಗೆ ಇಳಿದು ಬಂದು ನಾಯಿಯ ಮೂತಿಯ ಮೇಲೆ ಹಾಯ್ದುಹೋಯಿತು.

ಗರಗಸ ಅಂಚಿನ ಮೇಲಿಟ್ಟರು. ಬಾಲ ಕಳೆದುಕೊಂಡ ನಾಯಿ ಬಲಕ್ಕೆ ಮುಖ ಎತ್ತಿ ಅಜ್ಜನ ಕಾವಲಿಗೆ ಕೂತಿತ್ತು. ಬರೆದವನು ಯಾರೋ, ಹಲಗೆ ಸೊಟ್ಟ ಎಂದು ಅವನಿಗೂ ಗೊತ್ತಿತ್ತು. ಕೆಂಪು ಗೆರೆಯನ್ನು ಹಲಗೆಯ ಸೊಟ್ಟಕ್ಕೆ ಸರಿಯಾಗಿಯೇ ಎಳೆದಿದ್ದ.

ಮೇಷ್ಟ್ರ ಕೈ ನಿಂತಿತು. ಕ್ಲಾಸಿನಲ್ಲಿ ತಮ್ಮ ಚೌಕಕ್ಕೆ ಹೊಂದದ ಮಕ್ಕಳನ್ನು ಅವರು ಬಾಗಿಲ ಹೊರಗೆ ನಿಲ್ಲಿಸಿದ್ದುಂಟು. ಒಂದಿಬ್ಬರ ಮುಖ ಆಗ ಯಾಕೋ ನೆನಪಿಗೆ ಬಂತು, ನೆನಪಾಗಿ ಸಂಕಟವಾಯಿತು.

ಗರಗಸ ಕೆಳಗಿಟ್ಟರು.

"ನನ್ನ ಕೈಲಿ ಆಗೋದಿಲ್ಲ."

"ಮತ್ತೇನು ಮಾಡ್ತೀರಿ?"

"ಗೊತ್ತಿಲ್ಲ. ನನಗೆ ಗೊತ್ತಿರೋದು ನಲವತ್ತೈದು ಒಂದೇ."

"ಈಗ ಕೂತ್ಕೊಳ್ಳಿ" ಎಂದರು ಕಾಳಮ್ಮ.

ಹಳೆಯ ಕ್ಯಾಲೆಂಡರಿನ ಹಾಳೆಯೊಂದನ್ನು ಹರಿದು ತಂದರು. ಅದರ ಮೇಲೆ ಪಟದ ಬಲಮೂಲೆ ಇಟ್ಟು, ಎರಡು ಅಂಚಿಗೂ ಸೀಸದ ಗೀಟು ಎಳೆದು, ಗೀಟಿನ ಮೇಲೆ ಕತ್ತರಿಸಿದರು. ಪಟದ ಮೂಲೆ ಹೇಗಿತ್ತೋ ಹಾಗೇ ಕಾಗದದ ಮೂಲೆ ಬಂತು.

"ಇದು ಎಷ್ಟು ಡಿಗ್ರಿ ಮೇಷ್ಟ್ರೇ?"

ಮೇಷ್ಟ್ರು ಕೋನಮಾಪಕಕ್ಕೆ ಜೇಬಿಗೆ ಕೈ ಹಾಕಿದರು. ಕಾಳಮ್ಮ ಬೇಡ ಎಂದು ತಲೆಯಾಡಿಸಿದರು. ಕಾಗದದ ಒಂದು ಅಂಚನ್ನು ಇನ್ನೊಂದು ಅಂಚಿನ ಮೇಲೆ ಸರಿಯಾಗಿ ಕೂರಿಸಿ, ಮಡಿಸಿ, ಮಡಿಕೆಯನ್ನು ಉಗುರಿನಿಂದ ಗೀರಿದರು. ಬಿಡಿಸಿದಾಗ ಮೂಲೆಯ ನಟ್ಟನಡುವೆ ಒಂದು ಗೆರೆ ಬಿದ್ದಿತ್ತು.

"ಎಷ್ಟಾದರೂ ಇರಲಿ. ಅರ್ಧ ಎಲ್ಲಿದೆ ಅಂತ ಆ ಮೂಲೇನೇ ಹೇಳುತ್ತೆ. ಈ ಗೆರೆ ಹಿಡಿದು ಓರೆ ಕೊಯ್ಯಿರಿ."

ಮೇಷ್ಟ್ರು ಆ ಕಾಗದವನ್ನು ಮತ್ತೆ ಮಡಿಸಿ, ಬಿಡಿಸಿ ನೋಡಿದರು. ಯಾವ ಕೋನವನ್ನಾದರೂ ಅರ್ಧ ಮಾಡಬಹುದು ಎಂದು ಅವರು ಮೂವತ್ತೈದು ವರ್ಷ ಬೋರ್ಡಿನ ಮೇಲೆ ಬರೆದಿದ್ದರು. ಬರೆದು ಒರೆಸಿದ್ದರು. ಅದು ತಮಗೆ ಹೇಳಿದ ಮಾತು ಎಂದು ಒಂದು ದಿನವೂ ತಿಳಿದಿರಲಿಲ್ಲ.

"ಒಂದು ಅನುಮಾನ" ಎಂದರು ಆಮೇಲೆ. "ಎದುರುಬದುರಿನ ಪಟ್ಟಿ ಸಮ ಇರಬೇಕು ಅಂದಿದ್ರಿ. ಇದರಲ್ಲಿ ಯಾವುದೂ ಸಮ ಆಗೋದಿಲ್ಲವಲ್ಲ."

"ಅದು ಚೌಕದ ಕಟ್ಟಿಗೆ ಹೇಳಿದ್ದು. ಇಲ್ಲಿ ಎಷ್ಟುದ್ದ ಅಂತ ಈ ಪಟಾನೇ ಕೇಳಿ."

ಉಳಿದದ್ದು ಆರು ದಿನ. ಕಾಳಮ್ಮ ಒಂದು ಮೂಲೆಯ ಕಾಗದ ಮಡಿಸಿ ಕೊಟ್ಟು ಎದ್ದುಹೋದರು. ಉಳಿದ ಮೂರನ್ನು ಮೇಷ್ಟ್ರೇ ಮಡಿಸಿದರು. ನಾಲ್ಕು ಕಾಗದಕ್ಕೆ ನಾಲ್ಕು ಬಗೆಯ ಗೆರೆ. ಎಂಟು ತುದಿ, ಎರಡೆರಡಕ್ಕೆ ಒಂದೊಂದು ಓರೆ.

ಮೊದಲ ದಿನ ಒಂದು ಪಟ್ಟಿಯನ್ನು ತಿರುವುಮುರುವಾಗಿ ಕೊಯ್ದು ಕೆಡಿಸಿದರು. ಅದನ್ನು ಅಡಗಿಸಲು ಹೋಗದೆ ಎತ್ತಿಕೊಂಡು ಹೋಗಿ ಕಾಳಮ್ಮನವರ ಮುಂದೆ ಇಟ್ಟರು.

"ಕೆಡಿಸಿದೆ."

"ನೀರೊಲೆ ಪಕ್ಕ ಇಡಿ. ಇನ್ನೊಂದು ಪಟ್ಟಿ ತಗೊಳ್ಳಿ" ಎಂದರು ಕಾಳಮ್ಮ.

ಕೋನಮಾಪಕ ಜೇಬಿನಲ್ಲೇ ಉಳಿಯಿತು. ಪ್ರತಿ ಕೊಯ್ತಕ್ಕೂ ಮೇಷ್ಟ್ರು ಪಟವನ್ನು ಪಕ್ಕದಲ್ಲಿ ಇಟ್ಟುಕೊಂಡರು. ಒಂದು ತುದಿ ಕೊಯ್ಯುವುದು, ಪಟಕ್ಕೆ ಹಿಡಿದು ನೋಡುವುದು, ಕೀಸುಳಿಯಲ್ಲಿ ಒಂದೇ ಒಂದು ಹೆರೆ ತೆಗೆಯುವುದು, ಮತ್ತೆ ಹಿಡಿಯುವುದು. ಕೆಲಸ ಆಮೆಯಂತೆ ಸಾಗಿತು. ಆದರೆ ಆ ಆರು ದಿನದಲ್ಲಿ ಅವರಿಗೆ ಒಮ್ಮೆಯೂ ಬೇಸರ ಬರಲಿಲ್ಲ.

ಆರಾಧನೆಯ ಹಿಂದಿನ ದಿನ ಬೆಳಿಗ್ಗೆ ನಾಲ್ಕೂ ಪಟ್ಟಿಗೆ ಅಂಟು ಹಚ್ಚಿ, ಸುತ್ತ ಹುರಿ ಬಿಗಿದು ಇಟ್ಟರು. ಸಂಜೆ ಹುರಿ ಬಿಚ್ಚಿದರು. ಪಟವನ್ನು ಇಳಿಸಿದರು.

ಪಟ ಕೂತಿತು. ಅಜ್ಜ ಕೂತರು, ನಾಯಿಯೂ ಕೂತಿತು. ಕೆಂಪು ಗೆರೆ ಮೂರು ಬದಿಗೂ ಕಟ್ಟಿನ ಪಕ್ಕದಲ್ಲೇ ಒಂದೇ ಸಮನೆ ಓಡಿತು.

ಕಾಳಮ್ಮ ಬಂದು ಬಾಗಿದರು. ಉಗುರು ಮೊದಲನೇ ಮೂಲೆ ದಾಟಿತು. ಎರಡನೆಯದು, ಮೂರನೆಯದು ದಾಟಿತು. ನಾಲ್ಕನೆಯದರ ಮೇಲೆ ಎರಡು ಸಲ ಹೋಗಿ ಬಂತು. ಮೇಷ್ಟ್ರು ಪಕ್ಕದಲ್ಲೇ ನಿಂತಿದ್ದರು. ಅರವತ್ಮೂರು ವರ್ಷದ ಮನುಷ್ಯ, ಫಲಿತಾಂಶದ ಹಲಗೆಯ ಮುಂದೆ ನಿಂತ ಹುಡುಗನಿಗಿಂತ ಅವರ ಪಾಡು ಬೇರೆಯಿರಲಿಲ್ಲ.

"ನಾಳೆ ಹೊಳೆ ದಾಟಬೇಕು. ನೀರು ಸಿಡಿಯದ ಹಾಗೆ ಬಟ್ಟೆ ಸುತ್ತಿ" ಎಂದರು ಕಾಳಮ್ಮ. ಅಷ್ಟೇ.

ಮರುದಿನ ಹರಿಗೋಲಿನಲ್ಲಿ ಮೇಷ್ಟ್ರು ಪಟವನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಎದುರಿಗೆ ಕಾಳಮ್ಮ, ಒಗೆದ ಸೀರೆ ಉಟ್ಟು, ನೀರು ನೋಡುತ್ತ ಕೂತಿದ್ದರು.

ಪಟ ಗೋಡೆಗೇರಿತು. ಆರತಿಯಾಯಿತು. ಜನ ಒಬ್ಬೊಬ್ಬರಾಗಿ ಬಂದು ಕೈ ಮುಗಿದರು.

"ಈ ಸಲ ಅಜ್ಜ ನೆಟ್ಟಗೆ ಕೂತ ಹಾಗಿದೆ" ಎಂದಳು ಒಬ್ಬ ಮುದುಕಿ. "ಮೊದಲು ಒಂದು ಕಡೆ ವಾಲಿದ ಹಾಗೆ ಕಾಣ್ತಿತ್ತು."

ಹೌದು ಹೌದು ಎಂದರು ಸುತ್ತಲಿದ್ದವರು. ಅಜ್ಜನ ಮುಖ ನೋಡಿದರು, ನಾಯಿಯ ಮುಖ ನೋಡಿದರು. ಕಟ್ಟಿನ ಕಡೆ ಒಬ್ಬರೂ ನೋಡಲಿಲ್ಲ. ಮೇಷ್ಟ್ರು ಪಕ್ಕದಲ್ಲೇ ಕಂಬದ ಹಾಗೆ ನಿಂತಿದ್ದರು, ಅವರನ್ನೂ ಯಾರೂ ನೋಡಲಿಲ್ಲ.

ಕೊನೆಗೆ ಆಶ್ರಮದ ಹಿರಿಯ ಸ್ವಾಮಿಗಳು ಹತ್ತಿರ ಬಂದರು. ಕನ್ನಡಕ ಹಣೆಗೇರಿಸಿ, ಪಟಕ್ಕೆ ಮೂಗು ತಾಗುವಷ್ಟು ಬಾಗಿ, ಒಂದು ಮೂಲೆ ನೋಡಿದರು. ಇನ್ನೊಂದು ಮೂಲೆ ನೋಡಿದರು. ನಾಲ್ಕನ್ನೂ ನೋಡಿದರು.

"ಮರಿಬಸಪ್ಪಾ, ಇದು ಯಾರ ಕೆಲಸ?"

"ನಂಜುಂಡಾಚಾರರ ಅಂಗಡೀದು ಬುದ್ಧೀ. ಆಚಾರರ ಕೈಗುಣ ಆ ಮನೇಲಿ ಇನ್ನೂ ಹಾಗೇ ಇದೆ."

"ಆಚಾರರು ಹೋಗಿ ಹನ್ನೊಂದು ವರ್ಷವಾಯಿತಲ್ಲ. ಕೊಯ್ದ ಕೈ ಯಾವುದು?"

"ನಾನು ಮಾಡಿದೆ ಬುದ್ಧೀ" ಎಂದರು ಮೇಷ್ಟ್ರು.

ಜನ ತಿರುಗಿ ನೋಡಿದರು. ನಮ್ಮ ಮೇಷ್ಟ್ರಾ, ಲೆಕ್ಕದ ಮೇಷ್ಟ್ರಾ ಎಂದು ಹಿಂದಿನವರು ಮುಂದಿನವರನ್ನು ಕೇಳಿದರು.

"ಯಾರ ಹತ್ತಿರ ಕಲಿತಿರಿ?" ಎಂದರು ಸ್ವಾಮಿಗಳು.

ಮೇಷ್ಟ್ರ ನಾಲಿಗೆಯ ತುದಿಯಲ್ಲೇ ಹೆಸರಿತ್ತು. ಹೆಂಗಸರ ಗುಂಪಿನ ನಡುವೆ ಕಾಳಮ್ಮ ನಿಂತಿರುವುದೂ ಅವರಿಗೆ ಗೊತ್ತಿತ್ತು. ಆ ಕಡೆ ಕಣ್ಣು ಹಾಯಿಸಿದರೂ ಹೇಳಿದಂತೆಯೇ ಎಂದು ಅವರು ನೆಲ ನೋಡಿದರು.

"ಲೆಕ್ಕದ ಮೇಷ್ಟ್ರಲ್ಲವೇ ಬುದ್ಧೀ, ತಾವೇ ಲೆಕ್ಕ ಹಾಕಿ ಕಲಿತಿರಬೇಕು" ಎಂದ ಮರಿಬಸಪ್ಪ.

ಹೂಂ ಎಂದು ತಲೆಯಾಡಿಸಿದ್ದರೆ ಆವತ್ತಿನ ಕೀರ್ತಿಯೆಲ್ಲ ಅವರದೇ ಆಗುತ್ತಿತ್ತು. ಮೇಷ್ಟ್ರು ತಲೆಯಾಡಿಸಲಿಲ್ಲ.

"ಇಲ್ಲ ಮರಿಬಸಪ್ಪ. ನನಗೆ ಗೊತ್ತಿದ್ದ ಲೆಕ್ಕಕ್ಕೆ ಬಿಟ್ಟಿದ್ದರೆ ಆ ನಾಯಿಯ ಮೂತಿ ಇವತ್ತು ಇರ್ತಿರಲಿಲ್ಲ. ಕಲಿಸಿದವರಿದ್ದಾರೆ. ಹೆಸರು ಹೇಳೋ ಅಧಿಕಾರ ನನಗಿಲ್ಲ."

"ಮತ್ತೆ ಯಾರಿಗಿದೆ?" ಸ್ವಾಮಿಗಳು ನಕ್ಕರು.

"ನನಗಿದೆ ಬುದ್ಧೀ."

ಹೆಂಗಸರು ದಾರಿ ಬಿಟ್ಟರು. ಕಾಳಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ಬಂದರು. ಗರಗಸ ಹಿಡಿಯುವ ಮೊದಲು ಅವರು ಹಾಗೆ ಸಿಕ್ಕಿಸಿಕೊಳ್ಳುವುದನ್ನು ಮೇಷ್ಟ್ರು ಎರಡು ವರ್ಷದಿಂದ ನೋಡಿದ್ದರು.

"ಶ್ರೀಕಂಠಯ್ಯ ಮೇಷ್ಟ್ರು ನನ್ನ ಶಿಷ್ಯರು" ಎಂದರು ಕಾಳಮ್ಮ. ಹಿಂದಿನ ಸಾಲಿಗೂ ಕೇಳುವಷ್ಟು ಗಟ್ಟಿಯಾಗಿಯೇ ಎಂದರು. "ನಾಲ್ಕು ಮೂಲೆಗೆ ನಾಲ್ಕು ಬಗೆ ಓರೆ. ಸಂದಿನಲ್ಲಿ ಕೂದಲು ತೂರೋದಿಲ್ಲ. ಬೇಕಾದವರು ಬಂದು ನೋಡಬಹುದು."

ಮೇಷ್ಟ್ರ ಕಣ್ಣು ತುಂಬಿ ಬಂತು. ನಿವೃತ್ತಿಯ ದಿನ ಊರವರು ಹಾರ ಹಾಕಿದ್ದರು, ಶಾಲು ಹೊದಿಸಿದ್ದರು, ಹಣ್ಣಿನ ಬುಟ್ಟಿ ಕೊಟ್ಟಿದ್ದರು. ಆವತ್ತು ಈ ಹೆಮ್ಮೆಯ ಕಾಲು ಭಾಗವೂ ಆಗಿರಲಿಲ್ಲ. ಅವರು ಬಗ್ಗಿ ಕಾಳಮ್ಮನವರ ಕಾಲು ಮುಟ್ಟಿದರು. ಕಾಳಮ್ಮ ಈ ಸಲ ಹಿಂದೆ ಸರಿಯಲಿಲ್ಲ.

ಮರಿಬಸಪ್ಪ ತಲೆ ಕೆರೆದುಕೊಂಡ.

"ಅಲ್ಲ ಕಾಳಮ್ಮ, ನಮ್ಮನೇಲಿ ನಮ್ಮಪ್ಪನ ಪಟ ಇದೆ. ಊರಲ್ಲಿ ಮನೆಮನೇಲೂ ಆ ಅಂಗಡಿ ಕಟ್ಟೇ ಇರೋದು. ಹಂಗಾದ್ರೆ ಅವೆಲ್ಲ ಆಚಾರರ ಕೈಕೆಲಸ ಅಲ್ವಾ?"

ಕಾಳಮ್ಮ ಅಜ್ಜನ ಪಟದ ಕಡೆ ಒಮ್ಮೆ ನೋಡಿದರು, ಸುತ್ತ ನೆರೆದ ಜನರನ್ನು ನೋಡಿದರು.

"ಮರ ತಂದೋರು ಅವರು. ಪಟ್ಟಿ ಸೀಳಿ ನಯ ಮಾಡಿದೋರು ಅವರು. ನನಗೆ ಕಲಿಸಿದೋರೂ ಅವರೇ, ಬೋರ್ಡಿನ ಮೇಲೆ ಅವರ ಹೆಸರು ಹಾಗೇ ಇರಲಿ. ಮೂಲೆಗಳು ಮಾತ್ರ ನನ್ನವು."